ತುಮಕೂರಲ್ಲಿ ಭೋಗ್ಯದ ಮನೆ, ನಾವಿರೋದು ಕಲಬುರಗಿಲಿ. ಓನರ್ "ನೀವೇ ಯಾರನ್ನಾದ್ರೂ ಸೇರ್ಸಿ" ಅಂತಿದಾರೆ, ಏನ್ಮಾಡೋದು?

ಎಸ್‌ಐಟಿ ಹಿಂದಿನ ಬೀದಿ:
ಎಲ್ರಿಗೂ ನಮಸ್ಕಾರ, ತುಮಕೂರಿನೋರು ಇದ್ರೆ ದಯವಿಟ್ಟು ಪೂರ್ತಿ ಓದಿ. ಎಸ್‌ಐಟಿ ಕಾಲೇಜಿನ ಹಿಂದ್ಗಡೆ ಎರಡು ಬೆಡ್‌ರೂಮಿನ ಮನೆ, ಫಸ್ಟ್ ಫ್ಲೋರು, 7 ಲಕ್ಷಕ್ಕೆ ಭೋಗ್ಯಕ್ಕೆ ಹಾಕ್ಕೊಂಡಿದ್ವಿ, ಅಂದ್ರೆ ತಿಂಗಳ ಬಾಡಿಗೆ ಇಲ್ಲ, ಒಟ್ಟಿಗೆ ಕೊಟ್ಟ ದುಡ್ಡು ಬಿಡುವಾಗ ವಾಪಸ್. ಎರಡು ವರ್ಷಕ್ಕೆ ಅಂತ ಇ-ಸ್ಟಾಂಪ್ ಪೇಪರ್ ಮೇಲೆ ಅಗ್ರಿಮೆಂಟ್ ಆಗಿದೆ, ರಿಜಿಸ್ಟರ್ ಆಗಿಲ್ಲ, ದುಡ್ಡು ಮಾತ್ರ ಪೂರ್ತಿ ಬ್ಯಾಂಕ್ ಮೂಲಕಾನೇ ಹೋಗಿದೆ. ಅವಧಿ ಮುಗಿಯೋ ಹೊತ್ತಿಗೆ ಸರಿಯಾಗಿ ನಂಗೆ ಕಲಬುರಗಿಗೆ ಟ್ರಾನ್ಸ್‌ಫರ್ ಆಯ್ತು. ಮೂರು ತಿಂಗಳು ಮುಂಚೆ ಹೇಳ್ಬೇಕು ಅಂತ ಇತ್ತು, ಹೇಳಿದೀವಿ, ವಾಟ್ಸಾಪಲ್ಲೂ ಹಾಕಿದೀನಿ, ಅವರು "ಸರಿಯಮ್ಮ" ಅಂತ ಉತ್ರಾನೂ ಕೊಟ್ಟಿದಾರೆ. ಈಗ ಕೇಳಿದ್ರೆ "ನನ್ ಹತ್ರ ಒಟ್ಟಿಗೆ ಅಷ್ಟು ದುಡ್ಡು ಎಲ್ಲಿದೆಯಮ್ಮ, ನೀವೇ ಯಾರನ್ನಾದ್ರೂ ನೋಡಿ ಸೇರ್ಸಿ, ಅವ್ರು ಕೊಟ್ಟಿದ್ದನ್ನ ನಿಮಗೆ ಕೊಡ್ತೀನಿ" ಅಂತಾರೆ. ಮನುಷ್ಯ ಕೆಟ್ಟೋರಲ್ಲ, ಇದ್ದಷ್ಟು ದಿನ ಒಂದು ತಕರಾರಿಲ್ಲ. ಆದ್ರೆ ಇಷ್ಟು ದೂರದಿಂದ ಹುಡುಕೋದು ಹೇಗೆ ಹೇಳಿ, ರಾತ್ರಿಯೆಲ್ಲಾ ಬಸ್ಸು, ರಜ ಸಿಗಲ್ಲ. ಅರ್ಧ ಸಾಮಾನು ಇನ್ನೂ ಅಲ್ಲೇ ಇದೆ. ಒಂದು ಕೀ ನಮ್ಮತ್ರ, ಒಂದು ಎದುರುಮನೆ ಆಂಟಿ ಹತ್ರ. ಆಷಾಢ ಬೇರೆ ಬರ್ತಿದೆ. ಆ 7 ಲಕ್ಷದಲ್ಲಿ ಅಮ್ಮನ ರಿಟೈರ್ಮೆಂಟ್ ದುಡ್ಡೂ ಇದೆ, ಅದಕ್ಕೇ ಸಂಕಟ ಜಾಸ್ತಿ.

ಗುಬ್ಬಿ ಗೇಟ್:
ಅಕ್ಕ ಮೊದ್ಲು ಒಂದು ಮಾತು ಕೇಳ್ಕಳಿ. ದುಡ್ಡು ಅಕೌಂಟಿಗೆ ಬೀಳೋಗಂಟ ಕೀ ಕೊಡ್‌ಬ್ಯಾಡಿ. ಸಾಮಾನೂ ಪೂರ್ತಿ ಎತ್‌ಬ್ಯಾಡಿ, ಒಂದು ಬೀರು ಒಂದು ಮಂಚ ಆದ್ರೂ ಇರ್ಲಿ ಒಳಗೆ. ಭೋಗ್ಯದಲ್ಲಿ ಇರೋರ ಬಲ ಅಂದ್ರೆ ಆ ಮನೆ ಅವರ ಕೈಲಿರೋದು ಅಷ್ಟೇ ಕಣಕ್ಕ. "ಪೇಂಟ್ ಮಾಡ್ಸಿ ತೋರಿಸ್ತೀನಿ ಕೀ ಕೊಡಿ" ಅಂತಾರೆ, "ಹೊಸಬರು ಹಾಲುಕ್ಕಿಸ್ಕೊಳ್ಳಲಿ ಒಳ್ಳೆ ದಿನ ಐತೆ, ದುಡ್ಡು ಸೋಮವಾರ ಹಾಕ್ತಾರೆ" ಅಂತಾರೆ. ಎಲ್ಲಾ ಒಳ್ಳೆ ಮನಸ್ಸಿಂದಾನೇ ಹೇಳ್ತಿರಬೋದು, ಆದ್ರೂ ಬ್ಯಾಡ. ನಮ್ ಚಿಕ್ಕಪ್ಪಂಗೆ ಹಂಗೇ ಆಯ್ತು, ಹೊಸಬರು ಸೇರ್ಕಂಡ್ರು, ಅವರು ಕೊಟ್ಟ ದುಡ್ಡಲ್ಲಿ ಓನರ್ರು ಇನ್ನೊಂದು ಕಡೆ ಸಾಲ ತೀರಿಸ್ಕಂಡ್ರು, ಚಿಕ್ಕಪ್ಪ ಹೊರಗೆ ನಿಂತ್ಕಂಡು ತಿಂಗಳಾನುಗಟ್ಲೆ ಕೇಳ್ತಾನೇ ಇದ್ರು.

ಮೇಲ್ಮಹಡಿ ಓನರ್:
ನಾನು ಓನರ್ ಕಡೆಯೋನು, ಶೆಟ್ಟಿಹಳ್ಳಿ ಹತ್ರ ಎರಡು ಮನೆ ಭೋಗ್ಯಕ್ಕೆ ಕೊಟ್ಟಿದೀನಿ, ಅದಕ್ಕೇ ಬರೀತಿದೀನಿ. ಭೋಗ್ಯದ ದುಡ್ಡನ್ನ ಯಾರೂ ಬೀರುಲಿ ಇಟ್ಕೊಂಡಿರಲ್ಲ ಮೇಡಂ. ಮೇಲೊಂದು ಮನೆ ಕಟ್ಟಿರ್ತಾರೆ, ಮಗಳ ಮದುವೆ ಮಾಡಿರ್ತಾರೆ, ಬಡ್ಡಿ ಸಾಲ ತೀರಿಸಿರ್ತಾರೆ. ಹೊಸಬರ ದುಡ್ಡಲ್ಲೇ ಹಳಬರಿಗೆ ಕೊಡೋದು ಇಡೀ ಊರಲ್ಲಿರೋ ಪದ್ಧತಿ. ಆದ್ರೆ ಹುಡುಕೋ ಜವಾಬ್ದಾರಿ ಬಾಡಿಗೆದಾರರದ್ದಲ್ಲ, ಅದು ಓನರ್‌ದೇ. ನೀವು ಹುಡುಕೋಕೆ ಸಹಾಯ ಮಾಡ್ತೀನಿ ಅನ್ನಿ, ಜವಾಬ್ದಾರಿ ನಂದು ಅಂತ ಎಲ್ಲೂ ಒಪ್ಕೋಬೇಡಿ, ಮೆಸೇಜಲ್ಲೂ ಬೇಡ. ಬೋರ್ಡ್ ಹಾಕೋದು, ಬ್ರೋಕರ್‌ಗೆ ಹೇಳೋದು, ಬ್ರೋಕರ್ ಕಮಿಷನ್ ಕೊಡೋದು ಅವ್ರು ಮಾಡ್ಲಿ.

ಪಾಸ್ ಪ್ಯಾಸೆಂಜರ್:
ಯಾರಿಗೆ ಬೇಕು ಆ ಮನೆ ಅಂತ ಮೊದ್ಲು ಯೋಚ್ನೆ ಮಾಡಿ ಮೇಡಂ, ಇಲ್ಲಾಂದ್ರೆ ನೂರು ಫೋನ್ ಬರುತ್ತೆ ಒಬ್ರೂ ಸೇರಲ್ಲ. ನಾನು ದಿನಾ ತುಮಕೂರು-ಬೆಂಗಳೂರು ರೈಲಲ್ಲಿ ಓಡಾಡೋನು, ನಮ್ ಬೋಗಿಲಿ ಮನೆ ವಿಷ್ಯ ದಿನಾ ಇರುತ್ತೆ. ಬೆಂಗಳೂರಲ್ಲಿ ಕೆಲ್ಸ ಮಾಡೋರಿಗೆ ಸ್ಟೇಷನ್‌ಗೆ ಗಾಡಿಲಿ ಐದು ಹತ್ತು ನಿಮಿಷ ಇರೋ ಮನೆ ಸಾಕು, ಸಂತೋಷವಾಗಿ ಬರ್ತಾರೆ. ಆದ್ರೆ ಕಂಪನಿ ಸಂಬಳದೋರಲ್ಲಿ ಹಳೇ ತೆರಿಗೆ ಪದ್ಧತಿಲೇ ಇರೋರು ಭೋಗ್ಯಕ್ಕೆ ಬರಲ್ಲ, ಯಾಕಂದ್ರೆ ಎಚ್‌ಆರ್‌ಎ (ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯ್ತಿಗೆ ಬಾಡಿಗೆ ರಸೀದಿ ಬೇಕು, ಭೋಗ್ಯದಲ್ಲಿ ಬಾಡಿಗೆನೇ ಇಲ್ವಲ್ಲ. ವಸಂತನರಸಾಪುರದ ಫ್ಯಾಕ್ಟರಿ ಹುಡುಗ್ರಿಗೆ ಒಟ್ಟಿಗೆ 7 ಲಕ್ಷ ಹೊಂದಿಸೋಕಾಗಲ್ಲ. ಭೋಗ್ಯಕ್ಕೆ ಬರೋರು ಅಂದ್ರೆ ಅಂಗಡಿ ಇಟ್ಟಿರೋರು, ರಿಟೈರ್ ಆದೋರು, ಸೈಟ್ ಮಾರಿ ಮನೆ ಕಟ್ಟಿಸೋವರೆಗೂ ಒಂದೆರಡು ವರ್ಷ ಇರೋಕೆ ಜಾಗ ಬೇಕಾದೋರು, ಆಮೇಲೆ ಮಕ್ಳನ್ನ ಎಸ್‌ಐಟಿಗೆ ಸೇರಿಸಿ ಹಾಸ್ಟೆಲ್ ಬೇಡ ಅಂತ ತಾವೇ ಬಂದಿರೋ ಅಪ್ಪ ಅಮ್ಮ. ನಿಮ್ಮ ಮನೆಗೆ ಈ ಕೊನೇ ಗುಂಪೇ ಸರಿ. ಅಡ್ಮಿಷನ್ ಟೈಮ್ ಹತ್ರ ಬರ್ತಿದೆ, ಕಾಲೇಜು ಸುತ್ತ ಜೆರಾಕ್ಸ್ ಅಂಗಡಿ, ಮೆಸ್ಸು, ಹಾಲಿನ ಬೂತಲ್ಲಿ ಒಂದೊಂದು ಚೀಟಿ ಅಂಟಿಸಿದ್ರೆ ಆನ್‌ಲೈನ್ ಜಾಹೀರಾತಿಗಿಂತ ಬೇಗ ಕೆಲ್ಸ ಆಗುತ್ತೆ.

ಎಸ್‌ಐಟಿ ಹಿಂದಿನ ಬೀದಿ:
ಎಚ್‌ಆರ್‌ಎ ವಿಷ್ಯ ಹೊಳೆದಿರ್ಲಿಲ್ಲ ಸರ್, ಬಂದ ಫೋನಲ್ಲಿ ಅರ್ಧ ಜನ "ಬಾಡಿಗೆಗೆ ಕೊಡಲ್ವಾ" ಅಂತಾನೇ ಕೇಳ್ತಿದ್ರು, ಈಗ ಅರ್ಥ ಆಯ್ತು. ಇನ್ನೊಬ್ರು ಫೋನ್ ಮಾಡಿ, ಸೇನೆಲಿದೀನಿ, ತುಮಕೂರಿಗೆ ಪೋಸ್ಟಿಂಗ್ ಆಗಿದೆ, ಮನೆ ನೋಡೋದೇ ಬೇಡ ಫೋಟೋ ಸಾಕು, ಅಡ್ವಾನ್ಸ್ ಈಗ್ಲೇ ಹಾಕ್ತೀನಿ ಅಂದ್ರು. ಹಿಂದೀಲಿ ಮಾತಾಡಿದ್ರು, ಐಡಿ ಕಾರ್ಡ್ ಫೋಟೋನೂ ಕಳ್ಸಿದಾರೆ. ನಂಬಬಹುದಾ?

ಕ್ಯಾತ್ಸಂದ್ರ ಹುಡುಗಿ:
ಬೇಡ ಅಕ್ಕ ಬೇಡ!! ಇದು ದೇಶ ಪೂರ್ತಿ ನಡೀತಿರೋ ಹಳೇ ಮೋಸ. ಮುಂದಿನ ಹೆಜ್ಜೆ ಏನು ಗೊತ್ತಾ, "ಅಕೌಂಟ್ ಚೆಕ್ ಮಾಡೋಕೆ ಒಂದ್ರೂಪಾಯಿ ಹಾಕಿ" ಅಂತಾರೆ, ಇಲ್ಲಾ ಒಂದು ಕ್ಯೂಆರ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಒತ್ತಿ ದುಡ್ಡು ಬರುತ್ತೆ ಅಂತಾರೆ. ದುಡ್ಡು ತಗೊಳ್ಳೋಕೆ ಯುಪಿಐ ಪಿನ್ ಯಾವತ್ತೂ ಬೇಕಾಗಲ್ಲ, ಪಿನ್ ಒತ್ತಿದ್ರೆ ನಿಮ್ಮ ದುಡ್ಡೇ ಹೋಗೋದು. ಮನೆ ನೋಡದೇ 7 ಲಕ್ಷ ಹಾಕ್ತೀನಿ ಅನ್ನೋ ಮನುಷ್ಯ ಭೂಮಿ ಮೇಲಿಲ್ಲ. ಬ್ಲಾಕ್ ಮಾಡಿ. ಅಕಸ್ಮಾತ್ ಯಾರಿಗಾದ್ರೂ ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ಸಿಗೋದು ಕಷ್ಟ.

ಎಸ್‌ಐಟಿ ಹಿಂದಿನ ಬೀದಿ:
ಬ್ಲಾಕ್ ಮಾಡಿದೆ ತಂಗಿ, ತುಂಬಾ ಥ್ಯಾಂಕ್ಸ್.

ಕರಿಕೋಟು:
ವಕೀಲಿ ಮಾಡ್ತೀನಿ, ನಿಮ್ಮ ಕಾಗದ ನೋಡದೇ ಇಷ್ಟು ಹೇಳಬಹುದು. ನಾವು ಭೋಗ್ಯ ಅನ್ನೋದು ಕಾನೂನಿನ ಲೆಕ್ಕದಲ್ಲಿ ಬಾಡಿಗೆಗಿಂತ ಅಡಮಾನಕ್ಕೇ ಹತ್ರ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್‌ನಲ್ಲಿ ಸ್ವಾಧೀನ ಕೊಟ್ಟು ಮಾಡೋ ಅಡಮಾನ ಅಂತ ಇದೆ, ಸಾಲ ತೀರೋವರೆಗೂ ಆಸ್ತಿ ಸಾಲ ಕೊಟ್ಟೋರ ಕೈಲಿರುತ್ತೆ, ಬಡ್ಡಿ ಬದಲು ಅದರ ಅನುಭೋಗ. ಆದ್ರೆ 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಇಂಥ ಅಡಮಾನ ರಿಜಿಸ್ಟರ್ ಆಗ್ಲೇಬೇಕು. ಲೀಸ್ ಅಂತ ಕರೆದ್ರೂ ಒಂದು ವರ್ಷ ಮೀರಿದ್ರೆ ನೋಂದಣಿ ಬೇಕು. ನಮ್ಮೂರಲ್ಲಿ ಎಲ್ರೂ ಇ-ಸ್ಟಾಂಪ್ ಮೇಲೆ ಮಾಡ್ಕೊಂಡು ಸುಮ್ಮನಾಗ್ತಾರೆ. ಹಾಗಂತ ನಿಮ್ಮ ದುಡ್ಡು ಮುಳುಗ್ತು ಅಂತ ಅಲ್ಲ. ಬ್ಯಾಂಕ್ ಮೂಲಕ ಹೋಗಿದೆ, ಅವರ ಸಹಿ ಇದೆ, ವಾಟ್ಸಾಪಲ್ಲಿ ಒಪ್ಕೊಂಡಿದಾರೆ, ಹಣ ವಸೂಲಿಗೆ ಇಷ್ಟು ಒಳ್ಳೆ ಆಧಾರ. ಕಾಗದ ಕೋರ್ಟಿಗೆ ಹಾಜರು ಮಾಡುವಾಗ ಕಮ್ಮಿ ಬಿದ್ದ ಸ್ಟಾಂಪ್ ಡ್ಯೂಟಿ, ದಂಡ ಕಟ್ಟಬೇಕಾಗಬಹುದು ಅಷ್ಟೇ. ವಾಟ್ಸಾಪ್ ಚಾಟ್ ಡಿಲೀಟ್ ಮಾಡ್ಬೇಡಿ, ಫೋನ್ ಬದಲಾಯಿಸೋದಿದ್ರೆ ಬ್ಯಾಕಪ್ ತಗೊಳ್ಳಿ.

ಇನ್ನೊಂದು, ನೀವು ಹೆಣ್ಮಗಳು ಅಂತ ತಿಳ್ಕೊಂಡಿದೀನಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಉಚಿತ ನೆರವು ಸಿಗುತ್ತೆ, 1987ರ ಕಾಯ್ದೆಯಲ್ಲೇ ಇದೆ. ಕೇಸ್ ಹಾಕೋ ಮುಂಚೇನೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿ ಆದ್ರೆ ಅದು ಸಿವಿಲ್ ಕೋರ್ಟ್ ಡಿಕ್ರಿಗೆ ಸಮ. ಓನರ್ ಮಾತಿಗೆ ತಪ್ಪಿದ್ರೆ ಮೊದ್ಲು ಈ ದಾರಿ ಹಿಡೀರಿ.

ಶಿರಾ ಗೇಟ್ ಅಮ್ಮ:
ಎಲ್ಲಾರೂ ಹೋಗೋರ ಬಗ್ಗೆನೇ ಹೇಳ್ತಿದೀರ, ಬರೋರ ಬಗ್ಗೆ ಯಾರೂ ಹೇಳ್ಲಿಲ್ಲ. ನಾವು ಹೋದ ವರ್ಷ ಹೀಗೇ ಒಬ್ರು ಬಿಟ್ಟು ಹೋಗೋ ಮನೆಗೆ ಭೋಗ್ಯಕ್ಕೆ ಬಂದೋರು. ನಿಮ್ಮ ಓನರ್ ಹತ್ರ ದುಡ್ಡಿಲ್ಲ ಅಂತ ಆಯ್ತು, ಅಂದ್ರೆ ನಾಳೆ ಹೊಸದಾಗಿ ಬರೋ ಆ ಸಂಸಾರಕ್ಕೂ ಇದೇ ಕಥೆ ತಾನೇ? ಅವ್ರೂ ಯಾರದೋ ರಿಟೈರ್ಮೆಂಟ್ ದುಡ್ಡೇ ತರೋದು. ದಯವಿಟ್ಟು ಅವರ ಹತ್ರ ನಿಜ ಹೇಳಿ. "ಓನರ್ ಒಳ್ಳೆಯೋರು, ಆದ್ರೆ ಬಿಡುವಾಗ ಇನ್ನೊಬ್ರು ಬಂದ್ಮೇಲೇ ದುಡ್ಡು ಸಿಗೋದು, ಅದಕ್ಕೆ ತಯಾರಿದ್ರೆ ಬನ್ನಿ" ಅಂತ ಬಾಯಿಬಿಟ್ಟು ಹೇಳಿ. ನಮಗೆ ಹಾಗೆ ಹೇಳಿದ್ರು. ಅದಕ್ಕೇ ನಾವು ಧೈರ್ಯ ಮಾಡಿದ್ವಿ, ಮುಚ್ಚಿಟ್ಟಿದ್ರೆ ಬರ್ತಿರ್ಲಿಲ್ಲ.

ಇನ್ನೊಂದು ಮುಖ್ಯ, ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ನೋಡ್ಕೊಂಡು ಆಮೇಲೆ ಜನರನ್ನ ಕರೀರಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಲ್ಲಿ ಇಸಿ, ಅಂದ್ರೆ ಆಸ್ತಿಯ ಋಣಭಾರ ಪತ್ರ, ತೆಗೀಬಹುದು, ನಾವೂ ಹಾಗೇ ತೆಗೆಸಿದ್ವಿ, ರಿಜಿಸ್ಟರ್ ಆಗಿರೋ ಅಡಮಾನ ಇದ್ರೆ ಅದರಲ್ಲಿ ಕಾಣುತ್ತೆ. ಸಾಲ ಕಟ್ಟದೇ ಬ್ಯಾಂಕ್‌ನೋರು ಮನೆ ಜಪ್ತಿಗೆ ಬಂದ್ರೆ ರಿಜಿಸ್ಟರ್ ಇಲ್ಲದ ಭೋಗ್ಯದೋರು ಬ್ಯಾಂಕ್ ಮುಂದೆ ನಿಲ್ಲೋದು ಬಹಳ ಕಷ್ಟ.

ಎಸ್‌ಐಟಿ ಹಿಂದಿನ ಬೀದಿ:
ಅಮ್ಮ ನಿಮ್ಮ ಮಾತು ಓದಿ ಮನಸ್ಸಿಗೆ ನಾಟ್ತು, ಇದನ್ನ ಯೋಚ್ನೆ ಮಾಡ್ಲೇಬೇಕಾದ್ದೇ. ಇಸಿ ಇವತ್ತೇ ಹಾಕಿದೀನಿ. ಬರೋರಿಗೂ ಅದನ್ನೇ ಕಳಿಸ್ತೀನಿ, ಅವರಿಗೂ ಒಂದು ಧೈರ್ಯ.

ಮೇಲ್ಮಹಡಿ ಓನರ್:
ಶಿರಾ ಗೇಟ್ ಅಮ್ಮ ಹೇಳಿದ್ದು ನೂರಕ್ಕೆ ನೂರು. ಇದಕ್ಕೆ ಒಂದು ದಾರಿ ಇದೆ, ಓನರ್‌ಗೂ ಹೇಳಿ ನೋಡಿ. ಅರ್ಧ ಭೋಗ್ಯ ಅರ್ಧ ಬಾಡಿಗೆ. 4 ಲಕ್ಷ ಭೋಗ್ಯ, ಉಳಿದಿದ್ದಕ್ಕೆ ತಿಂಗಳಿಗೆ ಇಂತಿಷ್ಟು ಅಂತ. ಆಗ ಬರೋರು ಜಾಸ್ತಿ ಸಿಗ್ತಾರೆ, ಓನರ್ ತಲೆ ಮೇಲಿನ ಭಾರ ವರ್ಷ ವರ್ಷ ಕಮ್ಮಿ ಆಗುತ್ತೆ. ಉಳಿದ 3 ಲಕ್ಷಕ್ಕೆ ಅವ್ರು ಸೊಸೈಟಿಲೋ ಬ್ಯಾಂಕಲ್ಲೋ ಸಾಲ ಮಾಡಿ ನಿಮಗೆ ಕೊಟ್ಟು ತಿಂಗಳ ಬಾಡಿಗೆಲಿ ಕಂತು ಕಟ್ಕೋಬಹುದು. ನಾನು ನನ್ನ ಒಂದು ಮನೆಗೆ ಹೀಗೇ ಮಾಡಿದೀನಿ, ನೆಮ್ಮದಿಯಾಗಿದೆ.

ಗುಬ್ಬಿ ಗೇಟ್:
ಇದು ಒಳ್ಳೆ ಉಪಾಯ. ಆದ್ರೆ ಅಕ್ಕ, 4 ಲಕ್ಷ ಇವತ್ತು ಮಿಕ್ಕಿದ್ದು ಆಮೇಲೆ ಅಂದ್ರೆ ಒಪ್‌ಬ್ಯಾಡಿ ನೀವು. ಪೂರ್ತಿ ಬಂದ ದಿನಾನೇ ಕೀ.

ಪಾಸ್ ಪ್ಯಾಸೆಂಜರ್:
ದೂರದಿಂದ ಮನೆ ತೋರ್ಸೋದಕ್ಕೆ ಬರ್ತೀನಿ. ಫೋಟೋ ಹತ್ತು ಹಾಕೋದಕ್ಕಿಂತ ಒಂದೇ ಒಂದು ವಿಡಿಯೋ, ಗೇಟಿಂದ ಶುರು ಮಾಡಿ ಮೆಟ್ಟಿಲು ಹತ್ತಿ ಒಳಗೆ ಬಂದು ಬಚ್ಚಲುವರೆಗೂ ಕಟ್ ಮಾಡದೇ, ಬೆಳಗ್ಗೆ ಬೆಳಕಲ್ಲಿ. ತುಮಕೂರಲ್ಲಿ ಮನೆ ನೋಡೋಕೆ ಬರೋರು ಮೊದ್ಲು ಕೇಳೋದು ನೀರು. ಹೇಮಾವತಿ ನೀರು ಎಷ್ಟು ದಿನಕ್ಕೊಂದ್ಸಲ ಬರುತ್ತೆ, ಸಂಪು ಎಷ್ಟು ದೊಡ್ಡದು, ಬೋರ್ ಇದೆಯಾ, ಮೇಲಿನೋರಿಗೂ ಕೆಳಗಿನೋರಿಗೂ ಒಂದೇ ಟ್ಯಾಂಕಾ. ಎರಡನೇದು ಬಾಗಿಲು ಯಾವ ದಿಕ್ಕು. ದಕ್ಷಿಣ ಬಾಗಿಲಾದ್ರೆ ಮೊದ್ಲೇ ಹೇಳ್ಬಿಡಿ, ಬಂದು ನೋಡಿ ವಾಪಸ್ ಹೋಗೋರಿಂದ ಆಂಟಿಗೆ ಸುಸ್ತಾಗೋದು ತಪ್ಪುತ್ತೆ. ಮೂರನೇದು ಗಾಡಿ ನಿಲ್ಸೋ ಜಾಗ. ನಾಲ್ಕನೇದು, ಕೆಲವು ಓನರ್ರು ಮಾಂಸಾಹಾರ ಮಾಡೋರಿಗೆ ಕೊಡಲ್ಲ, ಅದನ್ನ ಓನರ್ ಹತ್ರ ಈಗ್ಲೇ ಕೇಳಿ ತಿಳ್ಕೊಳ್ಳಿ, ಬಂದೋರ ಮುಖದ ಮೇಲೆ ಆಮೇಲೆ ಹೇಳಿ ನೋವು ಮಾಡೋದು ಬೇಡ.

ಆಂಟಿಗೆ ದಿನಾ ತೊಂದ್ರೆ ಕೊಡ್ಬೇಡಿ. ಭಾನುವಾರ ಬೆಳಗ್ಗೆ, ಬುಧವಾರ ಸಂಜೆ ಅಂತ ಫಿಕ್ಸ್ ಮಾಡಿ, ಅವತ್ತೇ ಎಲ್ರನ್ನೂ ಕಳ್ಸಿ, ನೀವು ವಿಡಿಯೋ ಕಾಲಲ್ಲಿ ಇರಿ. ಆಷಾಢ ಅಂತ ಹೆದರ್ಬೇಡಿ, ಆಷಾಢದಲ್ಲಿ ಮನೆ ಬದಲಾಯಿಸಲ್ಲ ನಿಜ, ಆದ್ರೆ ನೋಡಿ ಮಾತಾಡಿ ಇಡ್ತಾರೆ, ಶ್ರಾವಣ ಬಂದ ಮೊದಲ ವಾರದಲ್ಲೇ ಹಾಲುಕ್ಕಿಸ್ತಾರೆ. ಒಪ್ಪಿಗೆ ಆದೋರ ಹತ್ರ ಸಣ್ಣದೊಂದು ಟೋಕನ್ ಓನರ್ ಅಕೌಂಟಿಗೆ ಹಾಕ್ಸಿ, ರಸೀದಿ ಕೊಡ್ಸಿ.

ಎಸ್‌ಐಟಿ ಹಿಂದಿನ ಬೀದಿ:
ಅಪ್‌ಡೇಟ್. ಇಸಿಲಿ ಯಾವ ಅಡಮಾನಾನೂ ಇಲ್ಲ. ಓನರ್ ಜೊತೆ ನಮ್ಮೆಜಮಾನ್ರು ಫೋನಲ್ಲಿ ಕೂತು ಮಾತಾಡಿದ್ರು, ಅರ್ಧ ಭೋಗ್ಯದ ವಿಷ್ಯ ಹೇಳಿದ್ರೆ ಮೊದ್ಲು ಬೇಡ ಅಂದ್ರು, ಎರಡು ದಿನ ಬಿಟ್ಟು ಅವರ ಮಗನೇ ಫೋನ್ ಮಾಡಿ ಯೋಚ್ನೆ ಮಾಡ್ತೀವಿ ಅಂದ. ಮೆಸ್ ಹತ್ರ ಚೀಟಿ ಅಂಟಿಸಿದ್ವಿ, ಆಂಟಿ ಮಗ ಅಂಟಿಸಿದ. ಅದರಿಂದ ಹೊಸದುರ್ಗದ ಕಡೆಯೋರು ಒಬ್ರು ಬಂದಿದಾರೆ, ಮಗಳಿಗೆ ಎಸ್‌ಐಟಿಲಿ ಸೀಟು, ಅಜ್ಜಿ ಜೊತೆ ಇರ್ತಾಳಂತೆ, ಅಪ್ಪ ವಾರಕ್ಕೊಂದ್ಸಲ ಬಂದು ಹೋಗ್ತಾರಂತೆ. ಮನೆ ಹಿಡಿಸಿದೆ. ಅವರಿಗೆ ಎಲ್ಲಾ ನಿಜ ಹೇಳಿದೀನಿ. "ಹೇಳಿದ್ದು ಒಳ್ಳೇದಾಯ್ತಮ್ಮ, ಮಗಳಿಗೆ ನಾಲ್ಕು ವರ್ಷ ಓದಿದೆ, ಅಲ್ಲೀವರೆಗೂ ಬಿಡಲ್ಲ" ಅಂದ್ರು. ಅವರದು ಒಂದೇ ಕಂಡೀಷನ್, ದುಡ್ಡು ನೇರವಾಗಿ ನಿಮಗೇ ಹಾಕ್ತೀವಿ, ಓನರ್‌ಗೆ ಹಾಕಿ ಅವರು ನಿಮಗೆ ಕೊಡದೇ ಹೋದ್ರೆ ನಮಗೆ ಮನೆ ಸಿಗಲ್ವಲ್ಲ ಅಂತಾರೆ. ಹಾಗೆ ತಗೊಳ್ಳಬಹುದಾ?

ಗುಬ್ಬಿ ಗೇಟ್:
ತಗಳಿ ಅಕ್ಕ, ಅದೇ ಸೇಫು.

ಕರಿಕೋಟು:
ಬರೀ ಹಾಗೇ ತಗೊಂಡ್ರೆ ತೊಂದ್ರೆ. ಮುಂದೆ ಓನರ್ "ನಂಗೇನೂ ದುಡ್ಡು ಬಂದಿಲ್ಲ" ಅಂದ್ರೆ ಹೊಸದುರ್ಗದೋರು ಸಿಕ್ಕಾಕೋತಾರೆ, ನೀವೇ ಮನೆನ ಅವರಿಗೆ ಕೊಟ್ಟ ಹಾಗಾಗುತ್ತೆ. ಅದಕ್ಕೆ ಮೂರೂ ಜನ ಸೇರಿ ಒಂದು ಕಾಗದ ಮಾಡ್ಕೊಳ್ಳಿ. ಅದರಲ್ಲಿ ಬರೀಬೇಕಾದ್ದು ಇಷ್ಟು, ಹೊಸಬರು ಓನರ್‌ಗೆ ಕೊಡಬೇಕಾದ ಭೋಗ್ಯದ ಹಣವನ್ನ ಓನರ್ ಹೇಳಿದ ಮೇರೆಗೆ, ಓನರ್ ಪರವಾಗಿ, ಹಳೇ ಭೋಗ್ಯದಾರರ ಇಂಥ ಅಕೌಂಟಿಗೆ ಹಾಕ್ತಿದಾರೆ, ಓನರ್ ಅದನ್ನ ತಾನೇ ಪಡೆದ ಹಾಗೆ ಒಪ್ಕೊಂಡಿದಾರೆ, ಹಳೇ ಅಗ್ರಿಮೆಂಟ್ ಇಲ್ಲಿಗೆ ಮುಗೀತು, ಯಾರಿಗೂ ಯಾರದೂ ಬಾಕಿ ಇಲ್ಲ. ಹೊಸ ಅಗ್ರಿಮೆಂಟ್ ಓನರ್‌ಗೂ ಹೊಸಬರಿಗೂ ಮಾತ್ರ, ಅದರಲ್ಲಿ ನಿಮ್ಮ ಹೆಸರು ಬೇಡ. ನಾಲ್ಕು ವರ್ಷ ಇರ್ತೀವಿ ಅಂತಿದಾರಲ್ಲ, ಅವರಿಗೆ ಹೇಳಿ ರಿಜಿಸ್ಟರ್ ಮಾಡ್ಸಿಕೊಳ್ಳಲಿ, ಖರ್ಚಾದ್ರೂ ಪರ್ವಾಗಿಲ್ಲ. ನಗದು ಮಾತ್ರ ಬೇಡ. 20,000 ಮತ್ತು ಅದರ ಮೇಲಿನ ಸಾಲ, ಠೇವಣಿನ ನಗದಲ್ಲಿ ತಗೊಳ್ಳೋದಕ್ಕೂ ವಾಪಸ್ ಕೊಡೋದಕ್ಕೂ ಆದಾಯ ತೆರಿಗೆ ಕಾನೂನು ಬಿಡಲ್ಲ, ಅಷ್ಟೇ ಮೊತ್ತದ ದಂಡ ಬೀಳಬಹುದು.

ಕ್ಯಾತ್ಸಂದ್ರ ಹುಡುಗಿ:
ಯುಪಿಐಲಿ ಅಷ್ಟು ದುಡ್ಡು ಒಂದೇ ಸಲ ಹೋಗಲ್ಲ, ಆರ್‌ಟಿಜಿಎಸ್ ಮಾಡೋಕೆ ಹೇಳಿ, 2 ಲಕ್ಷದಿಂದ ಮೇಲೆ ಆರ್‌ಟಿಜಿಎಸ್, ಭಾನುವಾರನೂ ಹೋಗುತ್ತೆ. ಆದ್ರೆ ಬೆನಿಫಿಶಿಯರಿ ಹೊಸದಾಗಿ ಸೇರಿಸಿದ್ರೆ ತುಂಬಾ ಬ್ಯಾಂಕಲ್ಲಿ ಮೊದಲ ದಿನ ದೊಡ್ಡ ಮೊತ್ತ ಬಿಡಲ್ಲ, ಹಿಂದಿನ ದಿನವೇ ನಿಮ್ಮ ಅಕೌಂಟ್ ಸೇರಿಸಿ ಒಂದು ರೂಪಾಯಿ ಕಳಿಸಿ ನೋಡೋಕೆ ಹೇಳಿ. ಮತ್ತೆ ಅಕ್ಕ ಗೃಹಜ್ಯೋತಿ ಮರೀಬೇಡಿ! ಆ ಮನೆ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಲಿಂಕ್ ಆಗಿರುತ್ತೆ, ನೀವು ಅದನ್ನ ಡಿಲಿಂಕ್ ಮಾಡೋವರೆಗೂ ಹೊಸಬರು ಹಾಕ್ಕೊಳ್ಳೋಕಾಗಲ್ಲ, ನೀವೂ ಕಲಬುರಗಿ ಮನೆಗೆ ಜೆಸ್ಕಾಂ (ಆ ಕಡೆಯ ಕರೆಂಟ್ ಕಂಪನಿ) ಕಡೆ ಹಾಕ್ಕೊಳ್ಳೋಕಾಗಲ್ಲ. ಸೇವಾ ಸಿಂಧುಲಿ ಕೂತಲ್ಲೇ ಆಗುತ್ತೆ.

ಶಿರಾ ಗೇಟ್ ಅಮ್ಮ:
ಕೀ ಕೊಡೋ ದಿನ ಮೀಟರ್ ರೀಡಿಂಗ್ ಫೋಟೋ, ಗೀಸರ್, ಫ್ಯಾನು, ಸಿಂಕು, ನಲ್ಲಿ ಎಲ್ಲಾ ಒಂದು ವಿಡಿಯೋ ಮಾಡಿ ಮೂವರ ಗ್ರೂಪಿಗೆ ಹಾಕಿ. ಪೇಂಟಿಂಗ್ ಅಂತ ಎಷ್ಟು ಹಿಡ್ಕೋತಾರೆ ಅನ್ನೋದನ್ನೂ ಮೊದ್ಲೇ ಮಾತಾಡಿ, ಕೊನೇ ಘಳಿಗೇಲಿ ಮುರಿದುಕೊಂಡ್ರೆ ಬೇಜಾರು.

ಎಸ್‌ಐಟಿ ಹಿಂದಿನ ಬೀದಿ:
ಎಲ್ರಿಗೂ ಹೇಳ್ಬೇಕು ಅಂತ ಬರೀತಿದೀನಿ. ನಮ್ಮೆಜಮಾನ್ರು ಶುಕ್ರವಾರ ರಾತ್ರಿ ಹೊರಟು ಹೋಗಿದ್ರು. ಓನರ್ ಮನೆಲೇ ಮೂರೂ ಕಡೆಯೋರು ಕೂತ್ರು, ಕರಿಕೋಟು ಸರ್ ಹೇಳಿದ ಹಾಗೇ ಕಾಗದ ಮಾಡ್ಸಿದ್ವಿ, ಟೈಪ್ ಮಾಡೋರ ಹತ್ರ ಅದೇ ಸಾಲುಗಳನ್ನ ಕೊಟ್ವಿ. 5 ಲಕ್ಷ ಭೋಗ್ಯ, ಮಿಕ್ಕಿದ್ದಕ್ಕೆ ತಿಂಗಳಿಗೆ 3,000 ಬಾಡಿಗೆ ಅಂತ ಆಯ್ತು, ಉಳಿದ 2 ಲಕ್ಷ ಓನರ್ ಮಗ ತನ್ನ ಕಡೆಯಿಂದ ಹಾಕಿದ. 5 ಲಕ್ಷ ಹೊಸದುರ್ಗದೋರಿಂದ ಆರ್‌ಟಿಜಿಎಸ್, ಎರಡೂ ಬಂತು ಅಂತ ನಾನು ಇಲ್ಲಿ ಮೆಸೇಜ್ ನೋಡಿ ಫೋನ್ ಮಾಡಿದ್ಮೇಲೆ ಕೀ ಕೊಟ್ರು. ಪೇಂಟಿಂಗಿಗೆ ಅಂತ 12,000 ಓನರ್‌ಗೆ ಕೊಟ್ವಿ, ಮಾತಾಡಿದ್ದೇ. ಸಾಮಾನು ಅವತ್ತೇ ಟೆಂಪೋಗೆ ಏರ್ಸಿದ್ರು. ಅಮ್ಮನ ದುಡ್ಡು ಅಮ್ಮನ ಅಕೌಂಟಿಗೆ ಹಾಕಿದೀನಿ. ನೀವ್ಯಾರೂ ನಂಗೆ ಪರಿಚಯ ಇಲ್ಲ, ಆದ್ರೂ ಇಷ್ಟು ಸಮಯ ಕೊಟ್ರಿ, ನಿಮ್ಮೆಲ್ಲರ ಋಣ ದೊಡ್ಡದು.

ಮೇಲ್ಮಹಡಿ ಓನರ್:
ತುಂಬಾ ಸಂತೋಷ ಮೇಡಂ. ಓನರ್ ಮಗ 2 ಲಕ್ಷ ಹಾಕಿದ್ದು ದೊಡ್ಡ ಮಾತು, ಅವರಿಗೆ ನಮ್ಮ ಕಡೆಯಿಂದ ಥ್ಯಾಂಕ್ಸ್ ಹೇಳಿ.

ಬಟವಾಡಿ ಹೊಸಬ:
ಥ್ರೆಡ್ ಪೂರ್ತಿ ಓದಿದೆ, ನಮ್ದೂ ಇದೇ ಪರಿಸ್ಥಿತಿ, ನಾವು ಬೀದರ್‌ನಲ್ಲಿದೀವಿ, ಮನೆ ಬಟವಾಡಿಲಿ. ಮೇಡಂ ಆ ಮೂರು ಜನದ ಕಾಗದದ ಮಾದರಿ ಹೆಸರು ಅಳಿಸಿ ಹಾಕ್ತೀರಾ? ಓನರ್‌ಗೆ ವಯಸ್ಸಾಗಿದೆ, ಅವರ ಬದಲು ಮಗ ಸಹಿ ಮಾಡಿದ್ರೆ ನಡಿಯುತ್ತಾ?

ಕರಿಕೋಟು:
ಮಗ ಬರೀ ಮಗ ಆಗಿದ್ರೆ ನಡಿಯಲ್ಲ. ಖಾತೆ ಯಾರ ಹೆಸರಲ್ಲಿದೆ ಅವರೇ ಸಹಿ ಮಾಡ್ಬೇಕು, ಇಲ್ಲಾ ಮಗನಿಗೆ ಜಿಪಿಎ (ಅವರ ಪರವಾಗಿ ಸಹಿ ಮಾಡೋ ಅಧಿಕಾರ ಪತ್ರ) ಇರಬೇಕು, ಇದ್ರೆ ಅದರ ಪ್ರತಿ ತಗೊಳ್ಳಿ. ತಾಯಿ ತಂದೆ ಇಬ್ಬರ ಹೆಸರಲ್ಲಿದ್ರೆ ಇಬ್ಬರದೂ ಸಹಿ.

ಎಸ್‌ಐಟಿ ಹಿಂದಿನ ಬೀದಿ:
ಮಾದರಿ ಇವತ್ತು ಸಂಜೆ ಟೈಪ್ ಮಾಡಿ ಇಲ್ಲೇ ಹಾಕ್ತೀನಿ ಸರ್. ನಿಮ್ಮ ಮನೆ ವಿವರಾನೂ ಹಾಕಿ, ಚೀಟಿ ಅಂಟಿಸಿದಾಗ ಫೋನ್ ಮಾಡಿದೋರಲ್ಲಿ ಇಬ್ರು ಬಟವಾಡಿ ಕಡೆನೇ ಬೇಕು ಅಂದಿದ್ರು, ಅವರನ್ನ ಕೇಳಿ ಒಪ್ಪಿದ್ರೆ ನಿಮಗೆ ಫೋನ್ ಮಾಡೋಕೆ ಹೇಳ್ತೀನಿ.